ಹನ್ನೊಂದನೆಯ ಕಂಬದ ಕಲ್ಲು

ರೈಲ್ವೆ ಮನೆಗಳ ಸಾಲು, ಗಾರ್ತ್‌ಮಾಸ್
ಮಾರ್ಚ್ 3, 1909

ತಮ್ಮ ರೂಬೆನ್‌ಗೆ,

ಲಕೋಟೆಯ ಮೇಲಿನ ಕೋಳಿಕಾಲಿನ ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಮೂವತ್ತನಾಲ್ಕು ವರ್ಷದ ಮೇಲೆ ಅಕ್ಕನಿಗೆ ಈಗ ಯಾಕೆ ನೆನಪಾಯಿತು ಎಂದು ಕೇಳಬೇಡ. ನೆನಪು ಯಾವತ್ತೂ ಹೋಗಿರಲಿಲ್ಲ, ವಿಳಾಸ ಇರಲಿಲ್ಲ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕ ಕಲ್ಲಿನ ವ್ಯಾಪಾರಿಯೊಬ್ಬ ಹೇಳಿದ: "ಸ್ವಾನೇಜ್ ಊರಲ್ಲಿ ಸ್ಲಿಂಗರ್ ಅನ್ನೋ ಕಲ್ಲುಕುಟಿಗ ಒಬ್ಬ ಇದ್ದಾನಮ್ಮ, ಮುದುಕ. ನಿಮ್ಮ ಕಡೆ ಮಾತು. ಕೆಮ್ತಾನೆ, ಸಿಡುಕ್ತಾನೆ." ನಮ್ಮಪ್ಪನ ಮನೆತನದ ಹೆಸರು, ಅದರ ಮೇಲೆ ಸಿಡುಕುತ್ತಾನೆ ಎಂದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿನ್ನ ಭಾವ ಜೇಬೆಜ್ ಹೋಗಿ ಆರು ವರ್ಷವಾಯಿತು. ಹಳಿ ನೋಡಿಕೊಂಡು ಮಳೆಯಲ್ಲಿ ನೆನೆದು ಬಂದ, ಒಲೆಯ ಮುಂದೆ ಕೂತ, ನಾಲ್ಕನೆಯ ದಿನ ಇಲ್ಲವಾದ. ಹೆಚ್ಚು ನರಳಲಿಲ್ಲ. ನಿನ್ನ ಹೆಸರು ಎರಡು ಸಲ ಹೇಳಿದ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸೇತುವೆಯ ಹನ್ನೊಂದನೆಯ ಕಂಬಕ್ಕೆ ಹಿಮ ನುಗ್ಗಿ ಕಲ್ಲಿನ ಮುಖ ಪದರ ಪದರವಾಗಿ ಏಳುತ್ತಿದೆ. ಕಂಪನಿಯವರು ಸಾರವೆ ಕಟ್ಟಿದ್ದಾರೆ. ಬುಡದಿಂದ ತಲೆಯವರೆಗೆ ಇಟ್ಟಿಗೆಯ ಅಂಗಿ ತೊಡಿಸುತ್ತಾರಂತೆ. ಜೂನ್ ಮುಗಿಯುವುದರೊಳಗೆ ಮುಚ್ಚಿಬಿಡುತ್ತಾರೆ.

ಗಾರ್ಸೈಡ್ ಎಂಬ ಮೇಸ್ತ್ರಿ ದಿನವೂ ಚಹಾಕ್ಕೆ ಬಿಸಿನೀರು ಕೇಳಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಒಳ್ಳೆಯ ಹುಡುಗ. ಒಂದು ದಿನ ತಡೆಯಲಾರದೆ ನಮ್ಮ ಗುಟ್ಟನ್ನು ಹೇಳಿಬಿಟ್ಟೆ. ಯಾರಿಗೂ ಹೇಳಬೇಡ ಎಂದಿದ್ದೆ ನೀನು. ಮೂವತ್ತೇಳು ವರ್ಷ ಹೇಳಲಿಲ್ಲ, ಅಷ್ಟು ಸಾಕು. ನನ್ನ ಮಗಳು ಹೆಪ್ಸಿ ನಾಲ್ಕು ವರ್ಷದವಳು ಸಿಡುಬಿನಲ್ಲಿ ಹೋದಳು, ಆ ಚಳಿಗಾಲ ಹೋದವರನ್ನೆಲ್ಲ ಒಂದೇ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿದರು, ಗುರುತಿಗೆ ಒಂದು ಕಡ್ಡಿಯನ್ನೂ ನೆಡಲಿಲ್ಲ, ಈಗ ಆ ಗುಂಡಿಯ ಮೇಲೆ ಗಾಡಿರಸ್ತೆ ಹೋಗಿದೆ ಎಂದೆ. ಅವಳ ಹೆಸರಿರುವ ಜಾಗ ಈ ಭೂಮಿಯ ಮೇಲೆ ಒಂದೇ, ನನ್ನ ತಮ್ಮ ಕಲ್ಲುಕುಟಿಗ, ಒಂದು ಕಲ್ಲಿನ ಒಳಮುಖಕ್ಕೆ ಅವಳ ಹೆಸರು ಕೆತ್ತಿ ಈ ಕಂಬದೊಳಗೆ ಇಟ್ಟಿದ್ದಾನೆ ಎಂದೆ. ಗಾರ್ಸೈಡ್ ಚಹಾ ಕುಡಿಯುವುದನ್ನು ಬಿಟ್ಟು ನೋಡಿದ.

"ಅಜ್ಜಿ, ಕೆಟ್ಟಿರೋ ಕಲ್ಲು ಹೇಗೂ ನಾಲ್ಕೈದು ಕೀಳ್ತೀವಿ. ಯಾವ ಕಲ್ಲು ಅಂತ ಸರಿಯಾಗಿ ಹೇಳಿ. ಅದನ್ನೂ ಕಿತ್ತು ನಿಮ್ಮ ಬಾಗಿಲಿಗೇ ತಂದಿಡ್ತೀನಿ" ಎಂದ.

ನೀನು ಅಂದು ಹನ್ನೊಂದನೆಯ ಕಂಬ ಎಂದಷ್ಟೇ ಹೇಳಿದ್ದೆ. ಎಷ್ಟನೆಯ ಸಾಲು, ಯಾವ ಬದಿ, ಮೂಲೆಯಿಂದ ಎಷ್ಟನೆಯದು? ಬರೆದು ಕಳಿಸು. ನನಗೆ ಅರವತ್ತೆರಡು ತುಂಬಿತು. ಇಟ್ಟಿಗೆ ಮುಚ್ಚುವುದಕ್ಕೆ ಮೊದಲು ಆ ಹೆಸರನ್ನು ಒಂದು ಸಲ ಕೈಯಿಂದ ಮುಟ್ಟಬೇಕು. ಬೇರೆ ಏನೂ ಬೇಡ.

ನಿನ್ನ ಅಕ್ಕ,
ಟ್ಯಾಬಿತಾ


ಸ್ವಾನೇಜ್
ಮಾರ್ಚ್ 24, 1909

ಅಕ್ಕಾ,

ನಿನ್ನ ಪತ್ರ ಬಂದು ಎರಡು ವಾರದ ಮೇಲಾಯಿತು. ಕೆಮ್ಮು ಬಿಡುತ್ತಿಲ್ಲ, ಬರೆಯುವುದು ತಡವಾಯಿತು ಎಂದು ನೆಪ ಹೇಳಬಹುದು. ಕೆಮ್ಮು ಇರುವುದೂ ನಿಜ. ನಲವತ್ತು ವರ್ಷ ನುಂಗಿದ ಕಲ್ಲಿನ ಧೂಳು ಈಗ ಎದೆಯಲ್ಲಿ ಕೂತು ಬಾಡಿಗೆ ಕೇಳುತ್ತಿದೆ.

ಭಾವ ಹೋದ ಸುದ್ದಿ ಓದಿ ಸಮುದ್ರದ ಕಡೆ ಹೋಗಿ ಕೂತಿದ್ದೆ. ಅವರ ಗುದ್ದಲಿಯ ನೆನಪಾಯಿತು. ಬೆಳಿಗ್ಗೆ ಆ ಗುದ್ದಲಿಯನ್ನು ಹುಲ್ಲಿನಲ್ಲಿ ಉಜ್ಜಿ ಬೆಂಕಿಯ ಮೇಲಿಟ್ಟು ಹಂದಿಮಾಂಸ ಹುರಿದು, "ತಗೊಳೋ ರೂಬೆನ್, ಇದರಲ್ಲಿ ಅರ್ಧ ಮಾಂಸ, ಅರ್ಧ ಯಾರ್ಕ್‌ಷೈರ್ ಮಣ್ಣು" ಎಂದು ಕೊಡುತ್ತಿದ್ದರು. ಆಮೇಲೆ ಎಷ್ಟೋ ಕಡೆ ತಿಂದಿದ್ದೇನೆ, ಆ ರುಚಿ ಸಿಕ್ಕಲಿಲ್ಲ.

ಸೇತುವೆಯ ಬುಡ ತೋಡಿದ್ದು ನಿನಗೆ ನೆನಪಿದೆಯೇ? ಜೌಗು ಎಂದರೆ ಅಂಥ ಜೌಗು. ಇಪ್ಪತ್ತೈದು ಅಡಿ ಇಳಿದ ಮೇಲೆ ಬಂಡೆ ಸಿಕ್ಕಿತು. ಊರವರು, ಇವರು ಉಣ್ಣೆಯ ಮೂಟೆ ಹಾಕಿ ಮೇಲೆ ಕಟ್ಟುತ್ತಿದ್ದಾರೆ ಎಂದು ಪುಕಾರು ಹಬ್ಬಿಸಿದ್ದರು. ಭಾವ ಅದನ್ನು ನಿಜವೆಂದೇ ಎಲ್ಲರಿಗೂ ಹೇಳುತ್ತಿದ್ದರು, ನಾನೇ ಎರಡು ಮೂಟೆ ಹೊತ್ತೆ ಎಂದು ಆಣೆ ಇಡುತ್ತಿದ್ದರು. ಇಪ್ಪತ್ತೆರಡು ಕಮಾನು. ಪ್ರತಿ ಆರನೆಯ ಕಂಬವನ್ನು ಬೇರೆಯವಕ್ಕಿಂತ ದಪ್ಪ ಕಟ್ಟಿದೆವು. ಎಲ್ಲೋ ಒಂದು ಕಮಾನು ಕುಸಿದರೆ ಪಕ್ಕದವೂ ಒಂದರ ಹಿಂದೊಂದು ಬೀಳುತ್ತವೆ, ಆ ದಪ್ಪ ಕಂಬದ ಹತ್ತಿರ ಬಂದು ನಿಲ್ಲುತ್ತವೆ. ಆ ಗಾಳಿಯಲ್ಲಿ ನೂರಡಿ ಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುತ್ತಿದ್ದೆವು. ನನ್ನ ಮೂರು ಟೋಪಿ ಆ ಕಣಿವೆಯಲ್ಲೇ ಇವೆ.

ಕಲ್ಲಿನ ವಿಷಯ ಕೇಳಿದ್ದೀಯ. ಅಕ್ಕಾ, ಅದು ಬಹಳ ಹಳೆಯ ಮಾತು. ಸಾವಿರಾರು ಕಲ್ಲು ಕೆತ್ತಿದ ಕೈ ಇದು, ಯಾವುದು ಎಲ್ಲಿ ಕೂತಿತು ಎಂದು ಹೇಗೆ ಹೇಳಲಿ? ಇದ್ದಲ್ಲಿ ಇರಲಿ ಬಿಡು. ಇಟ್ಟಿಗೆ ಮುಚ್ಚಿದರೆ ಇನ್ನೂ ಬೆಚ್ಚಗಿರುತ್ತದೆ.

ನಿನ್ನ ತಮ್ಮ,
ರೂಬೆನ್


ಗಾರ್ತ್‌ಮಾಸ್
ಮಾರ್ಚ್ 30, 1909

ರೂಬೆನ್,

ಮೂರು ಟೋಪಿ ಹೋದದ್ದು ನೆನಪಿದೆ, ಗುದ್ದಲಿಯ ಮಾಂಸದ ರುಚಿ ನೆನಪಿದೆ, ಕಲ್ಲು ಮಾತ್ರ ನೆನಪಿಲ್ಲ. ಇದನ್ನು ಬೇರೆ ಯಾರಿಗಾದರೂ ಹೇಳು. ಐದು ವರ್ಷದವನಾಗಿದ್ದಾಗ ಜೇನು ಕದ್ದು ತಿಂದು, ಗಲ್ಲಕ್ಕೆಲ್ಲ ಮೆತ್ತಿಕೊಂಡು, "ನಾನಲ್ಲ, ಬೆಕ್ಕು" ಎಂದವನು ನೀನು. ಆಗಲೂ ಹೀಗೇ ಸುತ್ತುಬಳಸಿ ಬೆಕ್ಕಿನ ಗುಣಗಾನ ಮಾಡಿದ್ದೆ.

ಬಹುಶಃ ಅದು ನಿನಗೆ ಒಂದು ಕಲ್ಲು. ನನಗೆ ಏನೆಂದು ಹೇಳುತ್ತೇನೆ ಕೇಳು. ಅವಳು ಹೋದ ಮೇಲೆ ಎರಡು ತಿಂಗಳು ನಾನು ತಲೆ ಬಾಚಲಿಲ್ಲ. ಗುಡಿಸಲಿನ ಗೋಡೆ ನೋಡಿಕೊಂಡು ಮಲಗಿರುತ್ತಿದ್ದೆ. ನೀನು ಬಂದು ಬಾಗಿಲಲ್ಲಿ ನಿಂತು, "ಅಕ್ಕಾ, ಏಳು. ಹೆಪ್ಸಿ ಹೆಸರನ್ನ ಕಂಬದೊಳಗೆ ಇಟ್ಟಿದ್ದೀನಿ. ಇನ್ಮೇಲೆ ಈ ದಾರೀಲಿ ಹೋಗೋ ಪ್ರತಿ ರೈಲನ್ನೂ ಅವಳೇ ಹೊರ್ತಾಳೆ" ಎಂದೆ. ಎದ್ದು ಹೊರಗೆ ಬಂದು ನೋಡಿದೆ. ರೈಲು ಓಡಲು ಶುರುವಾದಂದಿನಿಂದ ಇಂದಿನವರೆಗೆ ಸಂಜೆಯ ಐದು ಗಂಟೆಯ ರೈಲಿಗೆ ನಾನು ಬಾಗಿಲಲ್ಲಿ ನಿಲ್ಲದ ದಿನವಿಲ್ಲ. ಗಾಡಿ ಹನ್ನೊಂದನೆಯ ಕಂಬದ ಮೇಲೆ ಬಂದಾಗ, "ಹುಷಾರು ಪುಟ್ಟಿ, ಭಾರ ಇದೆ" ಎನ್ನುತ್ತೇನೆ. ಪಕ್ಕದ ಮನೆಯ ಸೂಕಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾಳೆ. ಇರಲಿ.

ನಾವಿದ್ದ ಗುಡಿಸಲುಗಳೆಲ್ಲ ಹೋದವು. ಎರಡು ಸಾವಿರ ಜನ ಇದ್ದ ಜಾಗದಲ್ಲಿ ಕುರಿ ಮೇಯುತ್ತಿವೆ. ಹುಲ್ಲಿನಲ್ಲಿ ಒಲೆಯ ಕಲ್ಲು, ಒಡೆದ ಪಿಂಗಾಣಿ ಸಿಕ್ಕುತ್ತದೆ. ಮೊದಲ ರೈಲು ದಾಟಿದ ದಿನ ಇಡೀ ಗುಡ್ಡದ ತುಂಬ ಜನ ನಿಂತಿದ್ದರು. ನೀನು, ಜೇಬೆಜ್ ಇಬ್ಬರೂ ನನ್ನ ಎರಡು ಪಕ್ಕ ನಿಂತಿದ್ದಿರಿ. ಎಲ್ಲರೂ ಕೂಗಿದರು, ನೀವಿಬ್ಬರು ಮಾತ್ರ ಬೂಟು ನೋಡಿಕೊಂಡು ನಿಂತಿರಿ. ದುಃಖ ಎಂದುಕೊಂಡೆ. ಮುಂದಿನ ತಿಂಗಳು ಒಂದು ಮಾತು ಹೇಳದೆ ಹೊರಟುಹೋದೆ. ಯಾಕೆ ಹೋದ ಎಂದು ಜೇಬೆಜ್‌ನನ್ನು ಎಷ್ಟು ಸಲ ಕೇಳಿದೆನೋ. "ಕಲ್ಲು ಇದ್ದ ಕಡೆ ಹೋಗ್ತಾನೆ ಕಣೆ ಕಲ್ಲುಕುಟಿಗ" ಎನ್ನುತ್ತಿದ್ದ, ಅಷ್ಟೇ.

ಅವನ ನೆನಪಿಗೆ ನನ್ನ ಹತ್ತಿರ ದೊಡ್ಡ ದೊಡ್ಡ ವಿಷಯ ಏನೂ ಇಲ್ಲ. ಈ ಮನೆ ಕಟ್ಟಿದಾಗ ಬಾಗಿಲಿಗೆ ಅವನೇ ಹೊಸ್ತಿಲ ಕಲ್ಲು ಹಾಕಿದ. ಕೋಟೆ ಬಾಗಿಲಿಗೆ ಹಾಕುವಂಥ ದಪ್ಪ ಕಲ್ಲು. ನಾನು ಪ್ರತಿ ಶುಕ್ರವಾರ ಅದನ್ನು ತೊಳೆದು, ಚಿಂದಿ ವ್ಯಾಪಾರಿ ಹಳೇ ಬಟ್ಟೆಗೆ ಬದಲು ಕೊಡುವ ಸೀಮೆಸುಣ್ಣದಂಥ ಬಿಳಿಗಲ್ಲಿನಿಂದ ಅಂಚು ಬಳಿಯುತ್ತೇನೆ. ನಮ್ಮ ಸಾಲಿನಲ್ಲಿ ನನ್ನ ಹೊಸ್ತಿಲಿನಷ್ಟು ಬೆಳ್ಳಗೆ ಯಾರದ್ದೂ ಇಲ್ಲ. ಬಲ ಮೂಲೆಯಲ್ಲಿ ಒಂದು ಕೆಂಪು ಕಲೆ ಇದೆ, ಎಷ್ಟು ತಿಕ್ಕಿದರೂ ಹೋಗದು, ಅದೊಂದು ನನ್ನ ಮಾನ ಕಳೆಯುತ್ತದೆ. ಜೇಬೆಜ್ ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಆ ಕಲ್ಲಿನ ಮೇಲೆ ಕಾಲಿಡಲಿಲ್ಲ. ಕೊಕ್ಕರೆಯ ಹಾಗೆ ದೊಡ್ಡ ಹೆಜ್ಜೆ ಹಾಕಿ ದಾಟುತ್ತಿದ್ದ. "ಏನಪ್ಪಾ, ಕಲ್ಲು ಕಚ್ಚುತ್ತಾ?" ಎಂದು ಛೇಡಿಸುತ್ತಿದ್ದೆ. "ನೀನು ಬಳಿದದ್ದು ಅಳಿಸಿ ಹೋದ್ರೆ ನೀನೇ ಕಚ್ತೀಯಲ್ಲ" ಎನ್ನುತ್ತಿದ್ದ. ಹೆಂಡತಿಯ ಕೆಲಸಕ್ಕೆ ಅಷ್ಟು ಬೆಲೆ ಕೊಡುವ ಗಂಡ ಈ ಕಣಿವೆಯಲ್ಲೇ ಇರಲಿಲ್ಲ.

ನೀನು ಹೇಳಿದ ದಪ್ಪ ಕಂಬ ನಮ್ಮ ಮನೆಯಲ್ಲಿ ಅವನೇ. ಹೆಪ್ಸಿ ಹೋದಾಗ ನಾನು ಬಿದ್ದೆ, ನೀನು ಬಿದ್ದೆ, ಅವನ ಹತ್ತಿರ ಬಂದು ನಿಂತಿತು. ಈಗ ಅವನೂ ಇಲ್ಲ. ಬೇಗ ಬರೆ. ಗಾರ್ಸೈಡ್ ಕಾಯುತ್ತಿದ್ದಾನೆ.

ಟ್ಯಾಬಿತಾ


ಸ್ವಾನೇಜ್
ಏಪ್ರಿಲ್ 13, 1909

ಅಕ್ಕಾ,

ಹನ್ನೊಂದನೆಯ ಕಂಬ, ಪೂರ್ವದ ಬದಿ, ನೆಲದಿಂದ ಹದಿನೆಂಟನೆಯ ಸಾಲು, ಉತ್ತರದ ಮೂಲೆಯಿಂದ ನಾಲ್ಕನೆಯ ಕಲ್ಲು. ಕಂಬದೊಳಗೆ ಎರಡಡಿ ಹೋಗಿದೆ. ಅದನ್ನು ಕೀಳುವುದು ಹುಡುಗಾಟವಲ್ಲ, ಮೇಸ್ತ್ರಿ ಒಪ್ಪಲಾರ. ಒಪ್ಪದಿದ್ದರೆ ಬಲವಂತ ಮಾಡಬೇಡ. ಆ ಎತ್ತರಕ್ಕೆ ನೀನು ಹತ್ತಲೂ ಬೇಡ.

ಕೆಮ್ಮು ಹೆಚ್ಚಿದೆ. ಹೆಚ್ಚು ಬರೆಯಲಾರೆ.

ರೂಬೆನ್


ಗಾರ್ತ್‌ಮಾಸ್
ಮೇ 5, 1909

ರೂಬೆನ್,

ಮೇಸ್ತ್ರಿ ಒಪ್ಪಿದ.

ನಿನ್ನ ಪತ್ರವನ್ನು ಅವನ ಕೈಗೇ ಕೊಟ್ಟೆ. ಓದಿ, "ಎಂಥ ನೆನಪು ಅಜ್ಜಿ, ನಿಮ್ಮ ತಮ್ಮಂದು" ಎಂದ. ನನಗೆ ಹೆಮ್ಮೆಯಾಯಿತು. ಎರಡು ದಿನ ಗಾರೆ ಕೆರೆದರು, ಹಾರೆ ಹಾಕಿ ಮೀಟಿದರು. ನಿನ್ನೆ ಮಧ್ಯಾಹ್ನ ಸರಪಳಿ ಕಟ್ಟಿ ಕೆಳಗಿಳಿಸಿದರು. ನಾನು ಕರಿಯ ಉಡುಪು ಹಾಕಿಕೊಂಡು ಹೋಗಿದ್ದೆ. ಸೂಕಿ ಶುಂಠಿ ಹಾಕಿದ ಓಟ್ಸ್ ಕೇಕು ಮಾಡಿಕೊಂಡು ಬಂದಿದ್ದಳು, ಒಳ್ಳೆಯ ಕೆಲಸಕ್ಕೆ ಬಾಯಿ ಸಿಹಿ ಇರಲಿ ಎಂದು. ಕಲ್ಲು ನೆಲ ಮುಟ್ಟಿದಾಗ ಹನ್ನೆರಡು ಜನ ಟೋಪಿ ತೆಗೆದರು. ಯಾರೂ ಹೇಳಿರಲಿಲ್ಲ, ತಾವಾಗಿ ತೆಗೆದರು.

ಗಾರ್ಸೈಡ್ ನೀರು ಹಾಕಿ, ಬ್ರಷ್ಷಿನಿಂದ ಮೇಲಿನ ಮುಖ ತೊಳೆದ. ಏನೂ ಇರಲಿಲ್ಲ. ಮಗುಚಿ ಕೆಳಗಿನ ಮುಖ ತೊಳೆದ. ಅಲ್ಲೂ ಏನೂ ಇರಲಿಲ್ಲ. ಹಿಂಬದಿಯಲ್ಲಿ ನಿನ್ನ ಗುರುತು ಮಾತ್ರ ಇತ್ತು, ಮೂರು ಗೆರೆ, ಅಡಿಯಲ್ಲಿ ಕಾಗೆಯ ಪಾದ. ಅದನ್ನು ನೋಡಿದ ಕೂಡಲೇ ಗುರುತಿಸಿದೆ. ಹಾಗಾದರೆ ಕಲ್ಲು ಇದೇ ಅಲ್ಲವೇ? ನೀನೇ ಕೆತ್ತಿದ್ದು. ಅದೇ ಸಾಲು, ಅದೇ ಬದಿ.

ಗಾರ್ಸೈಡ್ ಪಾಪ, "ಮೇಲಿಂದ ಲೆಕ್ಕ ಹಾಕಿರಬೋದು ಅಜ್ಜಿ, ಜೌಗಿನೊಳಗಿರೋ ಸಾಲನ್ನೂ ಸೇರಿಸಿರಬೋದು. ಇನ್ನೊಂದು ಕೇಳಿ ನೋಡಿ, ಇನ್ನೊಂದು ಕೀಳೋಣ" ಎಂದ. ಉಳಿದವರು ಟೋಪಿ ಹಾಕಿಕೊಳ್ಳುವುದೋ ಬೇಡವೋ ಎಂದು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದರು.

ರೂಬೆನ್, ನೀನು ಕಲ್ಲಿನವನು, ನಿನಗೆ ಗೊತ್ತಿರುತ್ತದೆ. ಗಾರೆಯ ಕೆಳಗೆ ಇದ್ದ ಅಕ್ಷರ ಸವೆಯುತ್ತದೆಯೇ? ಮೂವತ್ತನಾಲ್ಕು ವರ್ಷ ರೈಲು ಓಡಿದರೆ, ಆ ಭಾರಕ್ಕೆ, ಅಳಿಸಿಹೋಗುತ್ತದೆಯೇ? ಹಾಗಿದ್ದರೆ ಹಾಗೆಂದು ಬರೆ. ತಡೆದುಕೊಳ್ಳುತ್ತೇನೆ.

ಅಕ್ಕ


ಸ್ವಾನೇಜ್
ಮೇ 9, 1909

ಅಕ್ಕಾ,

ಅಕ್ಷರ ಸವೆಯುವುದಿಲ್ಲ. ಆ ಕಲ್ಲಿನ ಮೇಲೆ ಅಕ್ಷರ ಯಾವತ್ತೂ ಇರಲಿಲ್ಲ. ಅಷ್ಟು ಆಳದ ಕಲ್ಲಿಗೆ ಯಾರೂ ಕೈ ಹಾಕುವುದಿಲ್ಲ, ನೀನು ಅಲ್ಲಿಗೆ ಸಮಾಧಾನ ಮಾಡಿಕೊಳ್ಳುತ್ತೀಯ ಎಂದು ಆ ಜಾಗ ಬರೆದೆ. ನಿನ್ನನ್ನು ಹನ್ನೆರಡು ಜನರ ಮುಂದೆ ಕರಿಯ ಉಡುಪಿನಲ್ಲಿ ನಿಲ್ಲಿಸಿದೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೆತ್ತಿದ್ದು ನಿಜ. 1872ರ ಮಾರ್ಚ್‌ನಲ್ಲಿ, ಊಟದ ಬಿಡುವಿನಲ್ಲಿ, ಒಂಬತ್ತು ದಿನ ಕೂತು ಕೆತ್ತಿದೆ. ಅವಳ ಪೂರ್ತಿ ಹೆಸರು, ಹೆಫ್ಜಿಬಾ ಎಂದು. ಕೆಳಗೆ ನಾಲ್ಕು ವರ್ಷ ಎಂದು. ಹೊರಮುಖದಲ್ಲಿ ಕೆತ್ತಲು ಕಂಪನಿ ಬಿಡುವುದಿಲ್ಲ. ಹಾಗಾಗಿ ಮೇಲಿನ ಕಲ್ಲು ಕೂರುವ ಮುಖದಲ್ಲಿ ಕೆತ್ತಿದೆ. ಆ ಮುಖ ಹಲಗೆಯ ಹಾಗೆ ಸಮ ಇರಬೇಕು. ನಡುವೆ ಹಳ್ಳ ಬಿದ್ದರೆ ಭಾರವೆಲ್ಲ ಅಂಚಿಗೆ ಬಂದು ಕಲ್ಲು ಸಿಡಿಯುತ್ತದೆ. ಇದು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ.

ಉಗುರಿನಲ್ಲಿ ಗೀರಿದಷ್ಟು ತೆಳ್ಳಗೆ ಕೆತ್ತಿದ್ದರೆ ಗಾರೆ ತುಂಬಿಕೊಂಡು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನಗೆ ಕಲಿಸಿದ ಗುರು, ಹೆಸರು ಕೆತ್ತುವಾಗ ಅಕ್ಷರದೊಳಗೆ ಬೆರಳು ಕೂರಬೇಕು, ಇಲ್ಲದಿದ್ದರೆ ನೂರು ವರ್ಷದ ಮಳೆಗೆ ಅಳಿಸುತ್ತದೆ ಎಂದು ಹೇಳಿ ಹೇಳಿ ಕೈಗೆ ಅದೇ ರೂಢಿ ಮಾಡಿದ್ದ. ನಾನು ಹಾಗೇ ಕೆತ್ತಿದೆ. ಗಾರೆಯ ಕೆಳಗೆ ಕತ್ತಲಲ್ಲಿ ಮಲಗುವ ಹೆಸರಿಗೆ ಮಳೆಯ ಭಯ ಎಲ್ಲಿಯದು? ಇಪ್ಪತ್ತೆರಡು ವರ್ಷದ ನನಗೆ ಅದು ಹೊಳೆಯಲೇ ಇಲ್ಲ. ಚೆನ್ನಾಗಿ ಕೆತ್ತಬೇಕು ಎಂಬುದೊಂದೇ ತಲೆಯಲ್ಲಿತ್ತು.

ಕೆತ್ತಿ ಮುಗಿಸಿದ ಸಂಜೆ ತಡೆಯಲಾರದೆ ಬಂದು ನಿನಗೆ ಹೇಳಿಬಿಟ್ಟೆ. ಆಗಲೇ ಕಂಬದೊಳಗೆ ಇಟ್ಟಾಯಿತು ಎಂದೆ, ಬೆಳಿಗ್ಗೆ ಇಡುವುದು ತಾನೇ ಎಂದುಕೊಂಡು. ಬೆಳಿಗ್ಗೆ ಪರೀಕ್ಷೆಗೆ ಬಂದ ಮುದುಕ ಪಿಕರ್ಸ್‌ಗಿಲ್ ಕಲ್ಲಿನ ಮೇಲೆ ಅಳತೆಪಟ್ಟಿ ಇಟ್ಟ. ಬಗ್ಗಿ ಓದಿದ.

"ನಿನ್ ಮಗುವೇನಯ್ಯಾ?" ಎಂದ.

"ಅಕ್ಕನ ಮಗಳು ಸ್ವಾಮಿ."

ಟೋಪಿ ತೆಗೆದ. "ಹೆಸರು ಚೆನ್ನಾಗಿ ಕೆತ್ತಿದ್ದೀಯ. ಆದ್ರೆ ಇದರ ಮೇಲೆ ರೈಲು ಓಡ್ಬೇಕು ಕಣಪ್ಪ" ಎಂದು ಟೋಪಿ ಹಾಕಿಕೊಂಡು, ಕಲ್ಲಿನ ಹೊರಮುಖದ ಒಂದು ಮೂಲೆಗೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕಿದ. ಆ ಗುರುತು ಬಿದ್ದ ಕಲ್ಲು ಸೇತುವೆಗೆ ಸಲ್ಲುವುದಿಲ್ಲ. ಅವನು ಮಾಡಿದ್ದು ಸರಿ. ಅದರ ಬದಲು ಇನ್ನೊಂದು ಕಲ್ಲು ಕೆತ್ತಿ ಆ ಜಾಗಕ್ಕೆ ನಾನೇ ಕೂರಿಸಿದೆ. ನಿನ್ನೆದುರು ಇಳಿಸಿದ್ದು ಅದು.

ನಿಜ ಹೇಳಲೆಂದೇ ಅಂದು ನಿನ್ನ ಗುಡಿಸಲಿಗೆ ಬಂದೆ. ನೀನು ತಲೆ ಬಾಚಿಕೊಂಡು, ಒಲೆಯ ಮೇಲೆ ರೊಟ್ಟಿ ಹಾಕಿ, ಬಾಗಿಲಿಗೆ ಬಂದು ಬಂದು ಕಂಬ ನೋಡುತ್ತಿದ್ದೆ. "ಯಾವ ಕಡೆ ಕಣೋ, ಕೈ ಮಾಡಿ ತೋರ್ಸು" ಎಂದೆ. ನಾನು ಕೈ ಮಾಡಿ ತೋರಿಸಿದೆ.

ಭಾವನಿಗೆ ಹೇಳಿದೆ. ಅವರು ಅತ್ತರು, ಆಮೇಲೆ, "ಎರಡು ತಿಂಗಳಾದ ಮೇಲೆ ಎದ್ದಿದ್ದಾಳೆ. ಮೇಲಿದೆ ಅಂತ ಹೇಳಿಬಿಟ್ಟಿದ್ದೀಯ, ಮತ್ತೆ ಇಳಿಸ್ಬೇಡ" ಎಂದರು. ಇಬ್ಬರೂ ಸೇರಿ ಕಲ್ಲನ್ನು ಜಾರುಬಂಡಿಯ ಮೇಲೆ ಎಳೆದು ಕುದುರೆ ಲಾಯದ ಹಿಂದೆ ಹುಲ್ಲುಸಹಿತ ಮಣ್ಣಿನ ಹೆಂಟೆ ಮುಚ್ಚಿಟ್ಟೆವು. ಮೂರು ವರ್ಷ ಅಲ್ಲಿತ್ತು. ಮೊದಲ ರೈಲು ದಾಟುವಾಗ ನಾವು ಬೂಟು ನೋಡಿಕೊಂಡು ನಿಂತದ್ದು ಇದಕ್ಕೆ.

ನಿಮ್ಮ ಮನೆ ಕಟ್ಟಿದ ವರ್ಷ ಒಂದು ಶುಕ್ರವಾರ ಬಂದೆ. ನೀನು ಮಂಡಿಯೂರಿ ಹೊಸ್ತಿಲು ಬಳಿಯುತ್ತಿದ್ದೆ. ಏನೋ ಗುನುಗುತ್ತಿದ್ದೆ. ಬಲ ಮೂಲೆಯ ಕೆಂಪು ಕಲೆ ನೋಡಿ ಇದು ಅದೇ ಕಲ್ಲು ಎಂದು ತಿಳಿಯಿತು. ಭಾವನನ್ನು ಮನೆಯ ಹಿಂದೆ ಎಳೆದುಕೊಂಡು ಹೋಗಿ ಏನು ಮಾಡಿದಿರಿ ಎಂದು ಕೂಗಾಡಿದೆ. ಅವರು ಹೇಳಿದರು: "ತೋಟದಲ್ಲಿಟ್ರೆ ಹುಲ್ಲು ಮುಚ್ಚುತ್ತೆ. ಹಿತ್ತಲಲ್ಲಿಟ್ರೆ ಕುರಿ ಕೂರುತ್ತೆ. ಅವಳು ವಾರ ವಾರ ಕೈಯಾರೆ ತೊಳೆಯೋ ಜಾಗ ಒಂದೇ ಇರೋದು. ಹೆಸರು ಕೆಳಗೆ ಮಾಡಿ ಹಾಕಿದ್ದೀನಿ. ಅಮ್ಮನ ಕೈ ಕೆಳಗೆ ಮಗು ಇರಲಿ ಬಿಡೋ."

ನನಗೆ ಅಲ್ಲಿರಲು ಆಗಲಿಲ್ಲ. ಆ ಹೊಸ್ತಿಲು ದಾಟಿ ಬಂದು ನಿನ್ನ ಕೈಯ ಚಹಾ ಕುಡಿದು ಕಂಬದ ಕಡೆ ನೋಡುವ ಧೈರ್ಯ ನನ್ನಲ್ಲಿರಲಿಲ್ಲ. ಭಾವ ಇಪ್ಪತ್ತೆಂಟು ವರ್ಷ ದಾಟಿದರು. ನೀನು ಅವರ ಹೆಜ್ಜೆಯ ವಿಷಯ ಬರೆದದ್ದನ್ನು ಓದಿ ಇಡೀ ದಿನ ಊಟ ಸೇರಲಿಲ್ಲ.

ರೂಬೆನ್


ಗಾರ್ತ್‌ಮಾಸ್
ಮೇ 14, 1909

ಪತ್ರ ಬಂತು. ಓದಿದೆ. ಈಗ ಬರೆಯಲಾರೆ. ನೀನೂ ಬರೆಯಬೇಡ.

ಶ್ರೀಮತಿ ಟಿ. ಆಕ್‌ರಾಯ್ಡ್


ಸ್ವಾನೇಜ್
ಜೂನ್ 15, 1909

ಅಕ್ಕಾ,

ಬರೆಯಬೇಡ ಎಂದಿದ್ದೆ. ಒಂದು ತಿಂಗಳು ಸುಮ್ಮನಿದ್ದೆ. ಕ್ಷಮಿಸು ಎಂದು ಬರೆಯುತ್ತಿಲ್ಲ. ಹುಷಾರಾಗಿದ್ದೇನೆ ಎಂದು ಯಾರ ಕೈಯಲ್ಲಾದರೂ ಒಂದು ಸಾಲು ಹೇಳಿಸು, ಸಾಕು.

ರೂಬೆನ್


ಗಾರ್ತ್‌ಮಾಸ್
ಜೂನ್ 26, 1909

ರೂಬೆನ್,

ಹುಷಾರಾಗಿದ್ದೇನೆ.

ಮೊದಲ ವಾರ ನಿನ್ನನ್ನೂ ಅವನನ್ನೂ ಬಾಯಿಗೆ ಬಂದ ಹಾಗೆ ಬೈದೆ. ನೀನು ದೂರದಲ್ಲಿದ್ದೆ, ಅವನು ಮಣ್ಣಿನಲ್ಲಿದ್ದ, ಇಬ್ಬರೂ ತಪ್ಪಿಸಿಕೊಂಡಿರಿ. ಅವನ ಕೋಟನ್ನು ಗೂಟದಿಂದ ಕಿತ್ತು ಒಲೆಗೆ ಹಾಕಲು ಹೋದೆ. ಸೂಕಿ ಕಸಿದುಕೊಂಡು ತನ್ನ ಮನೆಗೆ ತೆಗೆದುಕೊಂಡು ಹೋದಳು. ಮೂವತ್ತೇಳು ವರ್ಷ ನಾನು ಒಂದು ಬರಿಯ ಕಂಬದ ಜೊತೆ ಮಾತಾಡಿದೆ ರೂಬೆನ್. ನೀವಿಬ್ಬರೂ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದಿರಿ. ಆ ನೋವು ಇನ್ನೂ ಇದೆ. ಪೂರ್ತಿ ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಈ ಮನೆಯಲ್ಲಿ ಸುಳ್ಳು ಸಾಕಷ್ಟಾಗಿದೆ.

ಇನ್ನೊಂದು ತೊಂದರೆ ಶುರುವಾಯಿತು. ನಿನ್ನ ಪತ್ರ ಓದಿದ ಮಾರನೆಯ ಬೆಳಿಗ್ಗೆ ನೀರು ತರಲು ಹೊರಟೆ. ಹೊಸ್ತಿಲ ಹತ್ತಿರ ಬಂದು ನಿಂತೆ. ಕಾಲಿಡಲು ಆಗಲಿಲ್ಲ. ಜೇಬೆಜ್‌ನ ಹಾಗೆ ದಾಟೋಣ ಎಂದರೆ ನನ್ನ ಮುದಿ ಕಾಲಿಗೆ ಅಷ್ಟು ದೊಡ್ಡ ಹೆಜ್ಜೆ ಆಗದು. ಈ ಮನೆಗೆ ಬೇರೆ ಬಾಗಿಲಿಲ್ಲ. ಕೊನೆಗೆ ಕುರ್ಚಿ ಹಾಕಿಕೊಂಡು ಕಿಟಕಿಯಿಂದ ಇಳಿದೆ. ಬಟ್ಟೆ ಒಣಗಿಸುತ್ತಿದ್ದ ಸೂಕಿ ನನ್ನ ಅರ್ಧ ಮೈ ಹೊರಗೆ, ಅರ್ಧ ಮೈ ಒಳಗೆ ನೋಡಿ, "ಯಾರ ಜೊತೆ ಓಡಿಹೋಗ್ತಿದ್ದೀಯೇ ಟ್ಯಾಬಿ, ಈ ವಯಸ್ಸಲ್ಲಿ?" ಎಂದಳು. ನನಗೆ ನಗು ಬಂತು. ನಗುತ್ತಾ ನಗುತ್ತಾ ಕಿಟಕಿಯಲ್ಲೇ ಅಳು ಬಂತು. ಅವಳು ಎತ್ತಿ ಇಳಿಸಿದಳು. ಆರು ವಾರ ಕಿಟಕಿಯಿಂದಲೇ ಓಡಾಡಿದೆ. ಸಾಲಿನವರೆಲ್ಲ ನೋಡಿಕೊಂಡಿದ್ದರು.

ಸಂಜೆ ಐದರ ರೈಲಿಗೆ ಬಾಗಿಲಿಗೆ ಹೋಗುವುದನ್ನೂ ಬಿಟ್ಟೆ. ಗಾರ್ಸೈಡ್‌ಗೆ ಹೇಳಿ ಕಳಿಸಿದೆ, ಅಲ್ಲಿ ಏನೂ ಇಲ್ಲ, ಮುಚ್ಚಿಬಿಡು ಎಂದು. ಅವನು ನನಗೋಸ್ಕರ ಪೂರ್ವದ ಬದಿಯ ಇಟ್ಟಿಗೆ ಕೆಲಸವನ್ನು ತಡೆಹಿಡಿದು ಮೇಲಿನವರಿಂದ ಬೈಸಿಕೊಂಡಿದ್ದನಂತೆ. ಪುಣ್ಯಾತ್ಮ. ಮೊನ್ನೆಗೆ ಕೊನೆಯ ಇಟ್ಟಿಗೆಯೂ ಕೂತಿತು. ಸಾರವೆ ಬಿಚ್ಚುತ್ತಿದ್ದಾರೆ.

ನಿನ್ನೆ ಶುಕ್ರವಾರ. ಆರು ವಾರದಿಂದ ಹೊಸ್ತಿಲು ತೊಳೆದಿರಲಿಲ್ಲ. ಮಣ್ಣು, ಕೋಳಿಹೆಜ್ಜೆ, ನೋಡಲಾಗುತ್ತಿರಲಿಲ್ಲ. ಏನಾದರೂ ಆಗಲಿ, ಅವಳನ್ನು ಹೀಗೆ ಕೊಳಕಾಗಿ ಬಿಡಬಾರದು ಎನ್ನಿಸಿತು. ಕಿಟಕಿಯಿಂದ ಇಳಿದು, ಬಿಸಿನೀರು ತಂದು, ಹೊರಗಿನಿಂದ ಮಂಡಿಯೂರಿ ತೊಳೆದೆ. ಮೊದಲ ಸಲ ಆ ಕೆಂಪು ಕಲೆಯನ್ನು ತಿಕ್ಕಲಿಲ್ಲ. ಬುಡದ ಮಣ್ಣು ಸ್ವಲ್ಪ ಜರಿದಿತ್ತು, ಕೆದಕಿ ನೋಡಿದೆ, ಒಳಗೆ ಟೊಳ್ಳು. ನಿನ್ನ ಭಾವ ಕಲ್ಲನ್ನು ಮಣ್ಣಿನ ಮೇಲೆ ಮಲಗಿಸಿರಲಿಲ್ಲ. ಎರಡು ತುದಿಗೆ ಎರಡು ಕಲ್ಲು ಕೊಟ್ಟು ನಡುವೆ ಖಾಲಿ ಬಿಟ್ಟಿದ್ದ, ಹೆಸರಿಗೆ ಮಣ್ಣು ತಾಗದ ಹಾಗೆ. ಅವನು ಬದುಕಿರುವಾಗ ಇಷ್ಟು ಯೋಚನೆ ಮಾಡುವ ಮನುಷ್ಯ ಎಂದು ನಾನು ಅಂದುಕೊಂಡಿರಲಿಲ್ಲ.

ಅಡುಗೆ ಚಮಚದಿಂದ ಮಣ್ಣು ತೋಡಿದೆ. ತೋಳಿನವರೆಗೆ ಕೈ ಹೋಗುವಷ್ಟು ಸಂದು ಆಯಿತು. ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಕೈ ಒಳಗೆ ಹಾಕಿ, ಕಲ್ಲಿನ ಕೆಳಗಿನ ಮುಖವನ್ನು ಸವರಿದೆ. ತಣ್ಣಗಿತ್ತು, ನುಣ್ಣಗಿತ್ತು. ಆಮೇಲೆ ಬೆರಳು ಒಂದು ಕಡೆ ಇಳಿಯಿತು. ಉದ್ದ ಒಂದು ಗೆರೆ. ಪಕ್ಕದಲ್ಲಿ ಇನ್ನೊಂದು ಉದ್ದ ಗೆರೆ. ನಡುವೆ ಒಂದು ಅಡ್ಡ ಗೆರೆ. ಅವಳ ಹೆಸರಿನ ಮೊದಲ ಅಕ್ಷರ, ಇಂಗ್ಲಿಷಿನ ಎಚ್.

ಆಳ ಕೆತ್ತಿದ್ದೇ ನಿನ್ನ ತಪ್ಪು ಎಂದು ಬರೆದಿದ್ದೆ. ಉಗುರಿನಲ್ಲಿ ಗೀರಿದ ಹಾಗೆ ಕೆತ್ತಿದ್ದರೆ ಈ ಮುದಿ ಬೆರಳಿಗೆ ಏನು ಸಿಕ್ಕುತ್ತಿತ್ತು? ನಿನ್ನ ಗುರು ಹೇಳಿದ ಹಾಗೆ ಬೆರಳು ಅದರೊಳಗೆ ಸರಿಯಾಗಿ ಕೂತಿತು. ಐದು ಗಂಟೆಯ ರೈಲು ಬರುವವರೆಗೆ ತೆಗೆಯಲಿಲ್ಲ. ಗಾಡಿ ಸೇತುವೆಯ ಮೇಲೆ ಬಂದಾಗ ಕಲ್ಲು ಸಣ್ಣಗೆ ನಡುಗಿತು. ಅದು ಯಾವತ್ತೂ ನಡುಗುತ್ತಿತ್ತೋ ಏನೋ, ಇಷ್ಟು ವರ್ಷ ನಾನು ಎತ್ತಲೋ ನೋಡುತ್ತಿದ್ದೆ.

ಉಳಿದ ಅಕ್ಷರ ನನ್ನ ಕೈಗೆ ಎಟುಕಲಿಲ್ಲ. ಗಾರ್ಸೈಡ್ ನಾಲ್ಕು ಜನರನ್ನು ಕರೆತಂದು ಕಲ್ಲನ್ನು ಮಗುಚುತ್ತೇನೆ ಎಂದ. ಬೇಡ ಎಂದೆ. ಅವಳ ಸೋದರಮಾವ ಬರುವವರೆಗೆ ಇರಲಿ. ಅಲ್ಲಿಯವರೆಗೆ ನನಗೆ ಆ ಒಂದು ಅಕ್ಷರ ಸಾಕು.

ಕೆಮ್ಮು ಇದೆ, ದೂರ ಇದೆ ಎಂದು ಬೆಕ್ಕಿನ ಗುಣಗಾನ ಮಾಡಬೇಡ. ಜುಲೈ ಬಿಸಿಲು ನಿನ್ನ ಎದೆಗೂ ಒಳ್ಳೆಯದು. ನೀನು ಕಟ್ಟಿದ ಸೇತುವೆಯನ್ನು ನೀನು ಒಂದು ಸಲವೂ ರೈಲಿನಲ್ಲಿ ದಾಟಿಲ್ಲ. ಐದು ಗಂಟೆಯ ಗಾಡಿಗೆ ಬಾ. ಪೂರ್ವದ ಕಿಟಕಿಯಲ್ಲಿ ಕೂರು. ಸಾಲಿನ ಕೊನೆಯ ಮನೆಯ ಬಾಗಿಲಲ್ಲಿ ಒಬ್ಬ ಮುದುಕಿ ನೆಲದ ಮೇಲೆ ಕೂತು ಹೊಸ್ತಿಲ ಮೇಲೆ ಕೈ ಇಟ್ಟಿರುತ್ತಾಳೆ. ಅದು ನಾನು.

ಬಿಳಿಗಲ್ಲಿನಿಂದ ಬಳಿದು ಇಟ್ಟಿರುತ್ತೇನೆ. ಒಳಗೆ ಬರುವಾಗ ಹೆಜ್ಜೆ ದೊಡ್ಡದಾಗಿ ಹಾಕು.

ನಿನ್ನ ಅಕ್ಕ,
ಟ್ಯಾಬಿ